ಟ್ರೋಪೋನಿನ್ ಏರಿದೆ ಅಂತ ಅಪ್ಪನಿಗೆ ಬೇಳೆ, ಮೊಟ್ಟೆ ಬಿಡಿಸಬೇಕಾ?

ಗೋಕಾಕದ ಕಡೆಯವರೊಬ್ಬರು ಕೇಳಿದ ಪ್ರಶ್ನೆ ಇದು. ಅವರ ತಂದೆಗೆ 58 ವರ್ಷ. ಹೋದ ವಾರ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ, ಸ್ಟೆಂಟ್ ಹಾಕಿದ್ದಾರೆ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಐ ಮೊದಲ ದಿನ 2,140 ಬಂದಿತ್ತು. ಮೂರನೇ ದಿನ ಬೇರೆ ಲ್ಯಾಬಿನಲ್ಲಿ ಮಾಡಿಸಿದರೆ 0.86. "ಪೂರ್ತಿ ಇಳಿದುಬಿಡ್ತು, ಗುಣ ಆದ ಹಾಗೇ ಅಲ್ವಾ? ಟ್ರೋಪೋನಿನ್ ಅಂದ್ರೆ ಪ್ರೋಟೀನ್ ಅಂತೆ, ಅದಕ್ಕೆ ಬೇಳೆ, ಮೊಟ್ಟೆ ನಿಲ್ಲಿಸಿ ಅಂತ ಬೀಗರು ಹೇಳ್ತಿದ್ದಾರೆ. ನಾನು ಜಿಮ್ಮಿಗೆ ಹೋಗಿ ಪ್ರೋಟೀನ್ ಪೌಡರ್ ಕುಡೀತೀನಿ, ನನಗೂ ಏರುತ್ತಾ?"

ಬೇಳೆ ಬಿಡಿಸಬೇಡಿ. ಪೌಡರಿನಿಂದ ನಿಮಗೆ ಟ್ರೋಪೋನಿನ್ ಏರುವುದಿಲ್ಲ. ಆದರೆ ಆ 0.86 ನೋಡಿ ಪೇಢೆ ಹಂಚುವ ಮೊದಲು ಇದನ್ನು ಓದಿ.

ನಾನು ಡಾಕ್ಟರಲ್ಲ. ಬಾಗಲಕೋಟೆಯ ನವನಗರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ 19 ವರ್ಷದಿಂದ ಟೆಕ್ನಿಷಿಯನ್. ರಕ್ತ ತೆಗೆಯುವುದು, ಮಷಿನ್ನಿಗೆ ಇಡುವುದು, ಬಂದ ನಂಬರನ್ನು ಡಾಕ್ಟರಿಗೆ ಮುಟ್ಟಿಸುವುದು ನನ್ನ ಕೆಲಸ. ಯಾವ ಗುಳಿಗೆ ನುಂಗಬೇಕು, ಎಷ್ಟು ದಿನ ನುಂಗಬೇಕು ಅನ್ನುವುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ನಂಬರಿನ ಬಗ್ಗೆ ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ.

ಎರಡೂ ರಿಪೋರ್ಟು ಪಕ್ಕಪಕ್ಕ ಇಟ್ಟು, ನಂಬರಿನ ಬಲಕ್ಕೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. 2,140ರ ಪಕ್ಕ ಲೀಟರಿಗೆ ಇಷ್ಟು ನ್ಯಾನೊಗ್ರಾಂ ಅಂತ ಇರುತ್ತದೆ. 0.86ರ ಪಕ್ಕ ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಅಂತ ಇರುತ್ತದೆ, ನನಗೆ ಹೆಚ್ಚುಕಡಿಮೆ ಖಾತ್ರಿ. ಒಂದು ಲೀಟರಿಗೆ ಸಾವಿರ ಮಿಲಿಲೀಟರ್ ತಾನೇ? ಹಾಗಾದರೆ 0.86 ಅಂದರೆ ಲೀಟರಿನ ಲೆಕ್ಕದಲ್ಲಿ 860. ಇಳಿದಿದೆ ನಿಜ, ಆದರೆ ಸೊನ್ನೆಯ ಹತ್ತಿರಕ್ಕೆ ಇಳಿದಿಲ್ಲ. ಕ್ವಿಂಟಲ್ ಲೆಕ್ಕದ ಚೀಟಿಯನ್ನೂ ಕಿಲೋ ಲೆಕ್ಕದ ಚೀಟಿಯನ್ನೂ ಒಟ್ಟಿಗೆ ಹಿಡಿದು ಕಬ್ಬಿನ ಬಿಲ್ಲು ಕೂಡಿಸಿದ ಹಾಗಾಗಿದೆ ನಿಮ್ಮ ಲೆಕ್ಕ. ಹಳೆಯ ಕಿಟ್ಟುಗಳು ಮಿಲಿಲೀಟರಿನಲ್ಲಿ ಬರೆಯುತ್ತಿದ್ದವು. ಬಹಳ ಸಣ್ಣ ಪ್ರಮಾಣವನ್ನೂ ಹಿಡಿಯುವ ಈಗಿನ ಹೈ ಸೆನ್ಸಿಟಿವಿಟಿ ಕಿಟ್ಟುಗಳು ಲೀಟರಿನಲ್ಲಿ ಬರೆಯುತ್ತವೆ. ಎರಡೂ ಊರಲ್ಲಿ ಓಡಾಡುತ್ತಿರುವುದರಿಂದ ಈ ಗೊಂದಲ ವಾರಕ್ಕೊಂದಾದರೂ ನನ್ನ ಕಿಟಕಿಗೆ ಬರುತ್ತದೆ.

ಇನ್ನೊಂದು ತೊಡಕಿದೆ. ಟ್ರೋಪೋನಿನ್ ಐ ಕಿಟ್ಟನ್ನು ಹಲವು ಕಂಪನಿಗಳು ಮಾಡುತ್ತವೆ, ಒಂದೊಂದೂ ಆ ಪ್ರೋಟೀನಿನ ಬೇರೆ ಬೇರೆ ಭಾಗವನ್ನು ಹಿಡಿಯುತ್ತದೆ. ಅದೇ ರಕ್ತಕ್ಕೆ ಎರಡು ಮಷಿನ್ನು ಎರಡು ನಂಬರು ಕೊಡುವುದುಂಟು, ಎರಡೂ ಸುಳ್ಳಲ್ಲ. ಅದಕ್ಕೇ ಏರಿತಾ ಇಳಿಯಿತಾ ನೋಡಬೇಕಾದರೆ ಒಂದೇ ಲ್ಯಾಬಿನಲ್ಲಿ, ಅದೇ ಕಿಟ್ಟಿನಲ್ಲಿ ನೋಡಬೇಕು. ಮೂರನೇ ದಿನ ಇಳಿಮುಖವಾಗಿರುವುದು ಸಹಜವೇ. ಮೂರೇ ದಿನಕ್ಕೆ ಪೂರ್ತಿ ಮಾಯವಾಗುವುದು ಸಹಜವಲ್ಲ.

ಈಗ ಬೇಳೆಯ ಮಾತು. ಇದು ತಿಳಿಯಬೇಕಾದರೆ ಟ್ರೋಪೋನಿನ್ ಇರುವುದೆಲ್ಲಿ, ಮಾಡುವುದೇನು ಅಂತ ನೋಡಬೇಕು. ಇದನ್ನು ಹೇಳುವುದು ನನಗೆ ಬಹಳ ಖುಷಿಯ ಕೆಲಸ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಎರಡೂ ಅಂಗೈಯನ್ನು ಎದೆಯ ಕಡೆ ತಿರುಗಿಸಿ, ಬೆರಳ ತುದಿಗಳನ್ನು ಎದುರುಬದುರು ಹಿಡಿಯಿರಿ. ಒಂದು ಕೈಯ ಬೆರಳು ಇನ್ನೊಂದು ಕೈಯ ಸಂದಿಯೊಳಗೆ ಸರಿಯಲಿ. ಬೆರಳು ಒಂದೂ ಗಿಡ್ಡವಾಗಲಿಲ್ಲ, ಆದರೆ ಎರಡು ಮಣಿಕಟ್ಟು ಹತ್ತಿರ ಬಂದವು. ಸ್ನಾಯು ಬಿಗಿಯುವುದು ಹೀಗೆ. ದಪ್ಪ ಎಳೆ ಮಯೋಸಿನ್, ತೆಳು ಎಳೆ ಆ್ಯಕ್ಟಿನ್, ಒಂದರ ಸಂದಿಯಲ್ಲಿ ಇನ್ನೊಂದು ಸರಿಯುತ್ತದೆ. 1954ರಲ್ಲಿ ಎರಡು ಬೇರೆ ತಂಡಗಳು ಇದನ್ನು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬರೆದವು. ಎರಡೂ ತಂಡದಲ್ಲಿ ಒಬ್ಬೊಬ್ಬ ಹಕ್ಸ್‌ಲಿ. ಆ್ಯಂಡ್ರ್ಯೂ ಹಕ್ಸ್‌ಲಿ ಮತ್ತು ಹ್ಯೂ ಹಕ್ಸ್‌ಲಿ, ಒಬ್ಬರಿಗೊಬ್ಬರು ಸಂಬಂಧಿಕರೂ ಅಲ್ಲ.

ಸರಿಸುವವರು ಯಾರು? ಮಯೋಸಿನ್ ಎಳೆಯಿಂದ ನೂರಾರು ಸಣ್ಣ ತಲೆಗಳು ಹೊರಚಾಚಿರುತ್ತವೆ. ಬಾವಿಯಿಂದ ಕೊಡ ಸೇದಿದವರಿಗೆ ಇವುಗಳ ಕೆಲಸ ಹೇಳಿಕೊಡಬೇಕಾಗಿಲ್ಲ. ಹಗ್ಗ ಹಿಡಿಯುವುದು, ಜಗ್ಗುವುದು, ಬಿಡುವುದು, ಕೈ ಮುಂದೆ ಚಾಚಿ ಮತ್ತೆ ಹಿಡಿಯುವುದು. ಹಗ್ಗ ಅಂದರೆ ಆ್ಯಕ್ಟಿನ್. ಈ ತಲೆಗಳಿಗೆ ಬುದ್ಧಿ ಇಲ್ಲ, ಹಗ್ಗ ಸಿಕ್ಕರೆ ಜಗ್ಗುತ್ತಲೇ ಇರುತ್ತವೆ. ಆದ್ದರಿಂದ ಹಗ್ಗ ಕೈಗೆ ಸಿಗದ ಹಾಗೆ ಒಂದು ಮುಚ್ಚಿಗೆ ಬೇಕು. ಆ ಮುಚ್ಚಿಗೆಯೇ ಟ್ರೋಪೋಮಯೋಸಿನ್, ಆ್ಯಕ್ಟಿನ್ನಿನ ಉದ್ದಕ್ಕೂ ಹಿಡಿಯುವ ಜಾಗವನ್ನೆಲ್ಲ ಮುಚ್ಚಿಕೊಂಡು ಮಲಗಿರುವ ಸಣ್ಣ ದಾರ. ಆ ದಾರವನ್ನು ಕಾಯುವುದು ಟ್ರೋಪೋನಿನ್. ಆ್ಯಕ್ಟಿನ್ ಮಣಿಸರದ ಹಾಗಿದೆ, ಅದರ ಪ್ರತಿ ಏಳು ಮಣಿಗೆ ಒಂದರಂತೆ ಟ್ರೋಪೋನಿನ್ ಕೂತಿರುತ್ತದೆ.

ಈ ಟ್ರೋಪೋನಿನ್ ಒಂದಲ್ಲ, ಮೂರು ಸೇರಿ ಒಂದು ಮನೆ. ಟಿ ಅನ್ನುವುದು ದಾರಕ್ಕೆ ಕಟ್ಟಿಕೊಂಡಿರುತ್ತದೆ. ಐ ಅನ್ನುವುದು ಬಾಗಿಲಲ್ಲಿ ಕೂತ ಹಿರಿಯನ ಹಾಗೆ, ಅದರ ಬಾಯಲ್ಲಿ ಬರುವುದು ಒಂದೇ ಮಾತು, ಬ್ಯಾಡ. ಸಿ ಅನ್ನುವುದು ಕ್ಯಾಲ್ಸಿಯಂ ಹಿಡಿಯುತ್ತದೆ. ನರದಿಂದ ಸೂಚನೆ ಬಂದಾಗ ಜೀವಕೋಶದ ಒಳಗಿನ ಚೀಲಗಳಿಂದ ಕ್ಯಾಲ್ಸಿಯಂ ಸುರಿಯುತ್ತದೆ, ಸಿ ಅದನ್ನು ಹಿಡಿದುಕೊಳ್ಳುತ್ತದೆ, ಹಿಡಿದ ಕೂಡಲೇ ಐನ ಪಟ್ಟು ಸಡಿಲುತ್ತದೆ, ದಾರ ಪಕ್ಕಕ್ಕೆ ಹೊರಳುತ್ತದೆ, ಮಯೋಸಿನ್ನಿಗೆ ಹಗ್ಗ ಸಿಗುತ್ತದೆ. ಕ್ಯಾಲ್ಸಿಯಂ ವಾಪಸ್ಸು ಚೀಲಕ್ಕೆ ಹೋದಾಗ ಐ ಮತ್ತೆ ಬಾಗಿಲಿಗೆ ಬಂದು ಕೂರುತ್ತದೆ. ಹೃದಯಕ್ಕೆ ಸೂಚನೆ ಕೊಡುವ ಜಾಗ ಹೃದಯದಲ್ಲೇ ಇದೆ, ಕ್ಯಾಲ್ಸಿಯಂ ಸ್ವಲ್ಪ ಜೀವಕೋಶದ ಹೊರಗಿನಿಂದಲೂ ಬರುತ್ತದೆ, ಇಷ್ಟು ಬಿಟ್ಟರೆ ಅಲ್ಲಿಯೂ ಇದೇ ನಡೆಯುವುದು, ದಿನಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಸಲ.

ಹೃದಯಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು ಅಂತ ಗೊತ್ತಾದದ್ದು ಗಡಸು ನೀರಿನಿಂದ. ನಮ್ಮ ಬಾಗಲಕೋಟೆ ಸುಣ್ಣದ ಕಲ್ಲಿನ ಸೀಮೆ, ಬೋರಿನ ನೀರು ಕಾಸಿ ಕಾಸಿ ಪಾತ್ರೆಯ ತಳಕ್ಕೆ ಬಿಳಿ ಪದರ ಕೂಡುವುದು ಎಲ್ಲರ ಮನೆಯ ಕಥೆ. ಲಂಡನ್ನಿನ ನಲ್ಲಿ ನೀರಿನಲ್ಲೂ ಹಾಗೆ ಸುಣ್ಣದ ಅಂಶ ಇತ್ತು. ಸಿಡ್ನಿ ರಿಂಗರ್ ಅನ್ನುವ ವೈದ್ಯ ಕಪ್ಪೆಯ ಹೃದಯ ಉಪ್ಪುನೀರಿನಲ್ಲಿ ಬಡಿಯುತ್ತಿರುವ ಹಾಗೆ ಮಾಡುತ್ತಿದ್ದ. ಆ ಉಪ್ಪುನೀರು ಭಟ್ಟಿ ಇಳಿಸಿದ ಶುದ್ಧ ನೀರಿನದಲ್ಲ, ನಲ್ಲಿ ನೀರಿನದು ಅಂತ ಆಮೇಲೆ ಗೊತ್ತಾಯಿತು. ಭಟ್ಟಿ ನೀರು ಹಾಕಿದರೆ ಹೃದಯ ನಿಂತೇಹೋಯಿತು. ಕ್ಯಾಲ್ಸಿಯಂ ಸೇರಿಸಿದರೆ ಮತ್ತೆ ಬಡಿಯಿತು. ಇದನ್ನು ಅವನು ಬರೆದದ್ದು 1883ರಲ್ಲಿ. ಆಸ್ಪತ್ರೆಯಲ್ಲಿ "ಆರ್‌ಎಲ್ ಹಚ್ಚ್ರಿ" ಅಂತಾರಲ್ಲ, ಆ ಸಲೈನ್ ಬಾಟಲಿಯ ಆರ್ ಅಂದರೆ ಇದೇ ರಿಂಗರ್. ಆದರೆ ಆ ಕ್ಯಾಲ್ಸಿಯಂ ಸ್ನಾಯುವಿನೊಳಗೆ ಯಾರ ಕೈಗೆ ಸಿಗುತ್ತದೆ ಅಂತ ತಿಳಿಯಲು ಇನ್ನೂ 80 ವರ್ಷ ಬೇಕಾಯಿತು. 1960ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಟ್ರೋಪೋನಿನ್ನನ್ನು ಹಿಡಿದು ತೋರಿಸಿದರು.

ಇದರಲ್ಲಿ ನನಗೆ ಬಹಳ ಕಾಲ ತಲೆಗೆ ಹೋಗದ ಒಂದು ವಿಷಯ ಇತ್ತು. ಬಿಗಿಯಲು ಶಕ್ತಿ ಬೇಕು, ಸರಿ. ಬಿಡಲೂ ಶಕ್ತಿ ಬೇಕು ಅಂತ ಪುಸ್ತಕದಲ್ಲಿತ್ತು. ಎಟಿಪಿ ಅನ್ನುವ ಇಂಧನ ಬಂದು ಅಂಟಿದರೆ ಮಾತ್ರ ಮಯೋಸಿನ್ನಿನ ತಲೆ ಹಗ್ಗ ಬಿಡುತ್ತದೆ, ಕ್ಯಾಲ್ಸಿಯಂ ಅನ್ನು ಚೀಲಕ್ಕೆ ಹಿಂದಕ್ಕೆ ತುಂಬಲೂ ಅದೇ ಇಂಧನ ಬೇಕು. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅರ್ಥ ಆಗಿರಲಿಲ್ಲ. ನಮ್ಮ ಅಜ್ಜ ತೀರಿಕೊಂಡ ಬೆಳಿಗ್ಗೆ ಅರ್ಥ ಆಯಿತು. ನಮ್ಮಲ್ಲಿ ಹೆಣವನ್ನು ಕುಂಡ್ರಿಸಿ ಮಣ್ಣು ಮಾಡುತ್ತಾರೆ, ನಿಮ್ಮ ಕಡೆ ನೋಡಿಯೇ ಇರುತ್ತೀರಿ. ಅತ್ತು ಮುಗಿಯುವ ಮೊದಲೇ ಓಣಿಯ ಹಿರಿಯರೊಬ್ಬರು ಒಳಗೆ ಬಂದು, "ಲಗೂನ ಕುಂಡ್ರಸ್ರಿ, ಸೆಟದ್ರ ಮತ್ತ ಕಾಲ ಮಡಚಾಕ ಆಗೂದುಲ್ಲ" ಅಂದರು. ಅಜ್ಜನ ಮೊಳಕಾಲು ಮಡಚುತ್ತಾ ನನಗೆ ಪುಸ್ತಕದ ಆ ಪುಟ ಕಣ್ಣ ಮುಂದೆ ಬಂತು. ಉಸಿರು ನಿಂತ ಮೇಲೆ ಎಟಿಪಿ ತಯಾರಾಗುವುದಿಲ್ಲ, ಕ್ಯಾಲ್ಸಿಯಂ ಸೋರುತ್ತದೆ, ತಲೆಗಳು ಹಗ್ಗ ಹಿಡಿದುಕೊಂಡೇ ಉಳಿಯುತ್ತವೆ. ಕೆಲವೇ ತಾಸಿನಲ್ಲಿ ಮೈ ಕಟ್ಟಿಗೆಯಾಗುತ್ತದೆ. ಓಣಿಯ ಹಿರಿಯರಿಗೆ ಮಯೋಸಿನ್ ಗೊತ್ತಿರಲಿಲ್ಲ, ಆದರೆ ಹೊತ್ತಿನ ಲೆಕ್ಕ ಗೊತ್ತಿತ್ತು.

ಸರಿ, ನಿಮ್ಮ ತಂದೆಯ ಕಡೆ ಬರೋಣ. ಟ್ರೋಪೋನಿನ್ ಸ್ನಾಯುವಿನೊಳಗೆ ಎಳೆಗೆ ಕಟ್ಟಿಕೊಂಡು ಇರುವ ವಸ್ತು, ರಕ್ತದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡು ಅಲ್ಲಿನ ಜೀವಕೋಶ ಸಾಯುತ್ತದೆ, ಅದರ ಗೋಡೆ ಒಡೆಯುತ್ತದೆ, ಒಳಗಿನದು ಹೊರಗೆ ಸೋರುತ್ತದೆ. ಗೋಡೆ ಬಿದ್ದ ಮನೆಯ ಹಂಚು ಬೀದಿಯಲ್ಲಿ ಕಂಡ ಹಾಗೆ. ಹೃದಯದ ಟ್ರೋಪೋನಿನ್ ಐ ಮತ್ತು ಟಿ ಕೈಕಾಲಿನ ಸ್ನಾಯುವಿನದಕ್ಕಿಂತ ಬೇರೆ ರಚನೆಯವು, ಅದಕ್ಕೇ ಯಾವ ಮನೆಯ ಹಂಚು ಅಂತ ಗುರುತು ಹಿಡಿಯಬಹುದು. ಸಿ ಮಾತ್ರ ಹೃದಯದಲ್ಲೂ ಕೆಲವು ಮೈಸ್ನಾಯುಗಳಲ್ಲೂ ಒಂದೇ, ಆದ್ದರಿಂದ ಟ್ರೋಪೋನಿನ್ ಸಿ ಟೆಸ್ಟ್ ಅಂತ ಇಲ್ಲ. ಮೊದಲು ನಾವು ಸಿಪಿಕೆ ಅನ್ನುವ, ಎಲ್ಲ ಸ್ನಾಯುಗಳಲ್ಲೂ ಇರುವ ಕಿಣ್ವದ ಟೆಸ್ಟ್ ಮಾಡುತ್ತಿದ್ದೆವು. ಅದು ಕುಂಡಿಗೆ ಇಂಜೆಕ್ಷನ್ ಚುಚ್ಚಿದರೂ ಏರುತ್ತದೆ, ದಿನವೆಲ್ಲ ಕಬ್ಬು ಕಡಿದವನಿಗೂ ಏರುತ್ತದೆ.

ತಿಂದ ಬೇಳೆಯ ಪ್ರೋಟೀನು ಹೊಟ್ಟೆ, ಕರುಳಿನಲ್ಲಿ ಚೂರು ಚೂರಾಗಿ ಅಮೈನೊ ಆಮ್ಲಗಳಾಗುತ್ತದೆ. ತೊಗರಿಬೇಳೆ ಹಾಗೇ ಹೋಗಿ ಹೃದಯದಲ್ಲಿ ಟ್ರೋಪೋನಿನ್ ಆಗಿ ಕೂರುವುದಿಲ್ಲ. ಪ್ರೋಟೀನ್ ಅನ್ನುವುದು ಜಾತಿಯ ಹೆಸರು, ವ್ಯಕ್ತಿಯ ಹೆಸರಲ್ಲ. ಹಾಸಿಗೆ ಹಿಡಿದು ಎದ್ದವರಿಗೆ ಬೇಳೆ, ಕಾಳು, ಮೊಟ್ಟೆ ಇನ್ನೂ ಹೆಚ್ಚೇ ಬೇಕು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರೋಟೀನ್ ಕಡಿಮೆ ಮಾಡಿಸುತ್ತಾರೆ, ನಿಮ್ಮ ಬೀಗರು ಅಂಥದ್ದೇನನ್ನೋ ಕೇಳಿರಬೇಕು. ಮೂತ್ರಪಿಂಡದ ಕೆಲಸ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಟೆಸ್ಟು ತಂದೆಯವರದು ಸರಿಯಾಗಿದ್ದರೆ ಆ ಮಾತು ಬಿಡಿ. ಬಿಡಿಸಬೇಕಾದದ್ದು ಉಪ್ಪಿನಕಾಯಿ, ಹಪ್ಪಳ, ಕರಿದ ಮಿರ್ಚಿ, ಅದಕ್ಕಿಂತ ಮೊದಲು ಬೀಡಿ, ತಂಬಾಕು.

ಮುಖ್ಯವಾದ ಒಂದು ಮಾತು ಹೇಳಲೇಬೇಕು, ಇದನ್ನು ನಿಮ್ಮ ಮನೆಯವರಿಗಲ್ಲದೆ ಓಣಿಯವರಿಗೂ ಹೇಳಿ. ಒಂದು ಸಲದ ಟ್ರೋಪೋನಿನ್ ನಾರ್ಮಲ್ ಬಂದರೆ ಹೃದಯಾಘಾತ ಅಲ್ಲ ಅಂತ ಅರ್ಥ ಅಲ್ಲ.

ನಮ್ಮ ಸೋದರಮಾವ ಮುಧೋಳದ ಕಡೆಯವರು. ಹರೆಯದಲ್ಲಿ ಗರಡಿಮನೆಯಲ್ಲಿ ಬೆಳೆದ ಪೈಲ್ವಾನ, 62ರ ವಯಸ್ಸಿನಲ್ಲೂ ಕಬ್ಬಿನ ಹೊರೆ ತಾವೇ ಎತ್ತುವವರು. ಒಂದು ರಾತ್ರಿ 9ಕ್ಕೆ ಊಟ ಮಾಡಿ ಎದ್ದವರಿಗೆ ಎದೆ ಹಿಂಡಿದಂತಾಗಿ ಬೆವರು ಬಂತು. ಸೋಡಾ ಕುಡಿದರು, ಓಂಕಾಳು ಅಗಿದರು. ಮನೆಯವರು 10ಕ್ಕೆ ಹತ್ತಿರದ ಒಂದು ದವಾಖಾನೆಗೆ ಕರೆದೊಯ್ದರು. ಇಸಿಜಿಯಲ್ಲಿ ಏನೂ ಎದ್ದು ಕಾಣಲಿಲ್ಲ. ಟ್ರೋಪೋನಿನ್ ಕಾರ್ಡು ಹಾಕಿದರು. ಬಸಿರಿನ ಟೆಸ್ಟಿನ ಕಾರ್ಡಿನ ಹಾಗೇ ಇರುತ್ತದೆ, ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇದೆ. ಒಂದೇ ಗೆರೆ ಬಂತು. ಗ್ಯಾಸಿನ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಮತ್ತೆ ಬಂದು ನೋಡಿಸಿ ಅಂತ ಒಬ್ಬರೂ ಹೇಳಲಿಲ್ಲ.

11ಕ್ಕೆ ಮಾವನ ಫೋನು. "ಏನಿಲ್ಲೋ ಅಳಿಯಾ, ವಾಯು ಆಗೈತಿ. ಬದನಿಕಾಯಿ ಎಣಗಾಯಿ ಜಾಸ್ತಿ ಹೊಡದೀನಿ. ಕಾರ್ಡಿನ್ಯಾಗೂ ಒಂದ ಗೆರಿ ಬಂದೈತಿ."

"ಮಾವಾ, ನೋವು ಸುರು ಆಗಿ ಎಷ್ಟ ತಾಸ ಆತು?"

"ಎರಡ ತಾಸ ಆಗಿರಬೇಕ."

"ಕಾರ್ಡ್ ಹಾಕಿದಾಗ ಒಂದ ತಾಸ ಆಗಿತ್ತು. ಅಷ್ಟ ಲಗೂ ಅದು ತೋರ್ಸೂದಿಲ್ಲ. ಗಾಡಿ ಮಾಡ್ಕೊಂಡ ಈಗ ಬರ್ರಿ."

ಬೈದುಕೊಂಡೇ ಬಂದರು. ಒಂದು ಗಂಟೆ ಹತ್ತು ನಿಮಿಷಕ್ಕೆ ನಾನೇ ರಕ್ತ ತೆಗೆದೆ. ಆ ಕಟ್ಟುಮಸ್ತಾದ ತೋಳಿನಲ್ಲಿ ನರ ಹುಡುಕುವ ಕಷ್ಟವೇ ಇರಲಿಲ್ಲ, ನನ್ನ ಕೈ ಮಾತ್ರ ನಡುಗುತ್ತಿತ್ತು. ನಮ್ಮ ಮಷಿನ್ನು ಒಳಗೆ ತೆಗೆದುಕೊಂಡ ಮೇಲೆ 18 ನಿಮಿಷ, ಯಾರ ಮಾವ ಆದರೂ ಅಷ್ಟೇ. 61 ಬಂತು. ನಮ್ಮ ಕಿಟ್ಟಿನಲ್ಲಿ ಗಂಡಸರಿಗೆ ಮಿತಿ 34, ಹೆಂಗಸರಿಗೆ 16. ಮಿತಿ ದಾಟಿದೆ, ಆದರೆ ಅಷ್ಟಕ್ಕೇ ತೀರ್ಮಾನ ಆಗುವುದಿಲ್ಲ. ಮೂರು ತಾಸಿನ ಮೇಲೆ ಮತ್ತೆ ತೆಗೆದೆ. 740. ಸ್ಕ್ರೀನಿನಲ್ಲಿ ನಂಬರು ಕೆಂಪಾಗಿ ಬಂದದ್ದನ್ನು ಬರೆದುಕೊಳ್ಳದೆ ಡಾಕ್ಟರ ಹತ್ತಿರ ಓಡಿದೆ. ಬೆಳಗಾಗುವುದರೊಳಗೆ ಮಾವನಿಗೆ ಸ್ಟೆಂಟ್ ಬಿತ್ತು.

ಆ ದವಾಖಾನೆಯ ಮೇಲೆ ನನಗೆ ಸಿಟ್ಟಿದೆ, ಕಾರ್ಡಿನ ಮೇಲಿಲ್ಲ. ಕಾರ್ಡು ಸುಳ್ಳು ಹೇಳಲಿಲ್ಲ, ಅದನ್ನು ಕೇಳಿದ ಹೊತ್ತು ತಪ್ಪಿತ್ತು. ಹಳೆಯ ತರದ ಟೆಸ್ಟಿನಲ್ಲಿ ಟ್ರೋಪೋನಿನ್ ಕಾಣಲು ನೋವು ಸುರುವಾಗಿ ಮೂರರಿಂದ ಆರು ತಾಸು ಬೇಕು. ಹೈ ಸೆನ್ಸಿಟಿವಿಟಿ ಟೆಸ್ಟಿನಲ್ಲಿ ಇನ್ನೂ ಬೇಗ ಕಾಣುತ್ತದೆ, ಅಲ್ಲಿಯೂ ಒಂದೆರಡು ತಾಸು ಬಿಟ್ಟು ಎರಡನೇ ಸಲ ನೋಡುತ್ತಾರೆ. ಹೆಚ್ಚುಕಡಿಮೆ ಒಂದು ದಿನದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಐ ಒಂದು ವಾರದಿಂದ ಹತ್ತು ದಿನ ರಕ್ತದಲ್ಲಿರುತ್ತದೆ, ಟಿ ಎರಡು ವಾರದವರೆಗೂ ಇರಬಹುದು. ಇಸಿಜಿಯಲ್ಲೇ ಸ್ಪಷ್ಟವಾಗಿ ಕಂಡರೆ ಟ್ರೋಪೋನಿನ್ನಿಗೆ ಕಾಯುವ ಮಾತೇ ಇಲ್ಲ, ನೇರ ಚಿಕಿತ್ಸೆ. ಎರಡನೇ ಸಲ ರಕ್ತ ಕೇಳಿದಾಗ "ಬಿಲ್ ಏರ್ಸಾಕ ಹೊಂಟಾರ" ಅಂತ ಜನ ಜಗಳಕ್ಕೆ ನಿಲ್ಲುತ್ತಾರೆ. ಬೇರೆ ಎಷ್ಟೋ ಟೆಸ್ಟಿಗೆ ಆ ಮಾತು ನಾನೂ ಒಪ್ಪುತ್ತೇನೆ, ಇದಕ್ಕೆ ಮಾತ್ರ ಇಲ್ಲ.

ಟ್ರೋಪೋನಿನ್ ಏರಿದ್ದೆಲ್ಲ ರಕ್ತನಾಳ ಕಟ್ಟಿದ್ದಲ್ಲ ಅನ್ನುವುದೂ ನಿಜ. ಮೂತ್ರಪಿಂಡ ಸೋತ ಹಲವರಲ್ಲಿ ಸ್ವಲ್ಪ ಮೇಲೇ ಇರುತ್ತದೆ, ಆದರೆ ಹೃದಯಕ್ಕೆ ಹೊಸ ಪೆಟ್ಟು ಬೀಳದಿದ್ದರೆ ಸಾಮಾನ್ಯವಾಗಿ ಹೆಚ್ಚು ಏರಿಳಿಯುವುದಿಲ್ಲ. ಹೃದಯದ ಸ್ನಾಯುವಿಗೆ ವೈರಸ್ಸಿನ ಉರಿಯೂತ ಬಂದರೆ, ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ, ಮೈಯೆಲ್ಲ ನಂಜಾದರೆ ಏರುತ್ತದೆ. ಇನ್ನೊಂದು, ಕೂದಲು ಉದುರುತ್ತದೆ ಅಂತ ಜನ ನುಂಗುವ ಬಯೋಟಿನ್ ಗುಳಿಗೆ ದೊಡ್ಡ ಡೋಸಿನಲ್ಲಿದ್ದರೆ ಕೆಲವು ಕಿಟ್ಟುಗಳಲ್ಲಿ ಟ್ರೋಪೋನಿನ್ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ರಕ್ತ ಕೊಡುವಾಗ ಹೇಳಿ. ನಾವು ಕೇಳುವುದನ್ನು ಮರೆತರೂ ನೀವು ಹೇಳಿ.

ನಿಮ್ಮ ಜಿಮ್ಮು. ಪೌಡರು ಹಾಲಿನ ಪ್ರೋಟೀನು, ಬೇಳೆಗೆ ಹೇಳಿದ್ದೇ ಅದಕ್ಕೂ. ಮ್ಯಾರಥಾನ್ ಓಡಿದವರಿಗೆ, ಮಿತಿಮೀರಿ ದಣಿದವರಿಗೆ ಟ್ರೋಪೋನಿನ್ ಸ್ವಲ್ಪ ಏರಿ ಒಂದೆರಡು ದಿನದಲ್ಲಿ ಇಳಿಯುವುದುಂಟು, ಅದು ದಣಿವಿನದು, ಪೌಡರಿನದಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಪೌಡರಿಗಿಂತ ಮನೆತನವನ್ನು ವಿಚಾರಿಸುತ್ತಿದ್ದೆ. ಹೃದಯ ಬಿಗಿಯುವುದನ್ನು ಹತೋಟಿಯಲ್ಲಿಡುವ ಇನ್ನೊಂದು ಪ್ರೋಟೀನಿದೆ, ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ. ಅದರ ಜೀನಿನಲ್ಲಿ 25 ಅಕ್ಷರ ಕಾಣೆಯಾಗಿರುವ ಒಂದು ದೋಷ ನಮ್ಮ ಉಪಖಂಡದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿದೆ ಅಂತ 2009ರಲ್ಲಿ ಪ್ರಕಟವಾಯಿತು. ಇದ್ದವರಿಗೆಲ್ಲ ರೋಗ ಬರುವುದಿಲ್ಲ, ಆದರೆ ವಯಸ್ಸಾದಂತೆ ಹೃದಯ ಸೋಲುವ ಸಂಭವ ಹೆಚ್ಚು. ಈ ಪ್ರೋಟೀನಿನಲ್ಲೋ, ಮಯೋಸಿನ್, ಟ್ರೋಪೋನಿನ್, ಟ್ರೋಪೋಮಯೋಸಿನ್‌ನಲ್ಲೋ ಬೇರೆ ತರದ ದೋಷಗಳಿದ್ದರೆ ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ಬರುತ್ತದೆ. ಆಡುತ್ತಾ ಆಡುತ್ತಾ ಕುಸಿದು ಬಿದ್ದ ಹುಡುಗರ ಸುದ್ದಿಯಲ್ಲಿ ಕೆಲವಕ್ಕೆ ಇದೇ ಕಾರಣ. ನಿಮ್ಮ ಮನೆತನದಲ್ಲಿ 40 ದಾಟುವ ಮೊದಲೇ ಯಾರಾದರೂ ಇದ್ದಕ್ಕಿದ್ದಂತೆ ಹೋಗಿದ್ದರೆ, ಭಾರ ಎತ್ತುವಾಗ ನಿಮಗೆ ಕಣ್ಣು ಕತ್ತಲೆ ಬಂದರೆ, ಹೃದಯದ ಸ್ಕ್ಯಾನ್, ಅಂದರೆ ಒಂದು ಎಕೋ ಮಾಡಿಸಿ. ತಂದೆಗೆ 58ಕ್ಕೇ ನಾಳ ಕಟ್ಟಿರುವುದರಿಂದ ನಿಮ್ಮ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಅಂತೂ ಈಗಲೇ ನೋಡಿಸಿಕೊಳ್ಳಿ.

ತಂದೆಯವರಿಗೆ ಇನ್ನು ದಿನಾ ದಿನಾ ಟ್ರೋಪೋನಿನ್ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಮತ್ತೆ ನೋವು ಬಂದರೆ ಮಾತ್ರ ತಡ ಮಾಡದೆ ಓಡಿ. ಇನ್ನು ಕೇಳಬೇಕಾದದ್ದು ಎಕೋದಲ್ಲಿ ಹೃದಯ ಎಷ್ಟು ಪಂಪ್ ಮಾಡುತ್ತಿದೆ ಅಂತ, ಡಾಕ್ಟರು ಇಎಫ್ ಅನ್ನುತ್ತಾರೆ. ಫಾಲೋಅಪ್ಪಿಗೆ ಹೋಗುವಾಗ ಎರಡೂ ಲ್ಯಾಬಿನ ರಿಪೋರ್ಟು ಒಯ್ಯಿರಿ, ನಂಬರನ್ನು ಬಾಯಿಪಾಠ ಹೇಳಬೇಡಿ, ಕಾಗದವನ್ನೇ ತೋರಿಸಿ.

ನಮ್ಮ ಮಾವ ಈಗ ಗುಳಿಗೆ ತಪ್ಪಿಸುವುದಿಲ್ಲ, ಬೆಳಿಗ್ಗೆ ಎದ್ದು ನಡೆಯುತ್ತಾರೆ, ಸಂಜೆ ಗರಡಿಮನೆಯ ಕಟ್ಟೆಯ ಮೇಲೆ ಕೂತು ಹುಡುಗರ ಕುಸ್ತಿಯ ಪಟ್ಟುಗಳಲ್ಲಿ ತಪ್ಪು ಹಿಡಿಯುತ್ತಾರೆ. ಬದನೆಕಾಯಿಯನ್ನು ಮಾತ್ರ ಮುಟ್ಟುವುದಿಲ್ಲ. ಅದರದೇನೂ ತಪ್ಪಿರಲಿಲ್ಲ ಅಂತ ಎಷ್ಟು ಹೇಳಿದರೂ ಕೇಳುತ್ತಿಲ್ಲ.